ಕೋಟೆ ಕಾಣುತ್ತೆ ಅಂತ ಹಳ್ಳ ಕೊಂಡೆ

ಚಿತ್ರದುರ್ಗದಲ್ಲಿ ಸೈಟ್ ಹುಡುಕುತ್ತಿರುವವರು ದಯವಿಟ್ಟು ಓದಿ. ನಾಚಿಕೆ ಬಿಟ್ಟು ಬರೆಯುತ್ತಿದ್ದೇನೆ.

2022ರ ಏಪ್ರಿಲ್, ಬಿರುಬಿಸಿಲು. ಊರ ಹೊರಗೆ ಹೊಸ ಲೇಔಟ್. ಸೈಟಿನಲ್ಲಿ ನಿಂತರೆ ಎದುರಿಗೇ ಕೋಟೆ ಬೆಟ್ಟ. "ಬೆಳಗ್ಗೆ ಕಾಫಿ ಕುಡೀತಾ ಕೋಟೆ ನೋಡಬಹುದು ಸಾರ್" ಅಂದ ಲೇಔಟ್ ಮಾಡಿದವನು. ಆ ಒಂದು ಮಾತಿಗೆ ಬಿದ್ದೆ. ಪಕ್ಕದ ರಸ್ತೆಗೆ ಹಳೇ ಕಲ್ಲಿನ ಮೋರಿ ಇತ್ತು. ಹಳ್ಳವೇ ಇಲ್ಲದ ಕಡೆ ಮೋರಿ ಯಾಕೆ ಅಂತ ನಮ್ಮ ಮಾವ ಕೇಳಿದರು. ನಾನೇ ಅವರ ಬಾಯಿ ಮುಚ್ಚಿಸಿದೆ. ಈಗ ಪ್ರತಿ ಹಬ್ಬಕ್ಕೂ ಬಂದು ಮೋರಿ ಸುದ್ದಿ ಎತ್ತುತ್ತಾರೆ.

ಸೆಪ್ಟೆಂಬರ್‌ನಲ್ಲಿ ಮಳೆ ಹಿಡಿಯಿತು. 1933ರ ನಂತರ ಮೊದಲ ಸಲ ಹಿರಿಯೂರು ಹತ್ತಿರದ ವಾಣಿವಿಲಾಸ ಸಾಗರ ಡ್ಯಾಂ ಕೋಡಿ ಬಿತ್ತು. ಜನ ಅದನ್ನು ನೋಡಲು ಹೋದರು, ನಾನು ಸೈಟ್ ನೋಡಲು ಹೋದೆ. ಸೊಂಟದ ತನಕ ನೀರು. ಗಡಿ ಕಲ್ಲು ಒಂದೂ ಕಾಣಲಿಲ್ಲ.

ಲೇಔಟಿನವನಿಗೆ ಫೋನ್ ಮಾಡಿದೆ. "89 ವರ್ಷಕ್ಕೊಮ್ಮೆ ಬರೋ ಮಳೆ ಸಾರ್, ಇನ್ನು ನಿಮ್ಮ ಮೊಮ್ಮಕ್ಕಳೇ ನೋಡಬೇಕು." ಅಲ್ಲ ಸ್ವಾಮಿ, ಆ ಡ್ಯಾಂಗೆ ಚಿಕ್ಕಮಗಳೂರು ಕಡೆಯಿಂದ ವೇದಾವತಿ ನದಿ ತುಂಬಿ ಬರಬೇಕು. ನನ್ನ ಸೈಟಿಗೆ ಒಂದು ರಾತ್ರಿ ಜೋರು ಮಳೆ ಸಾಕು! (2025ರ ಜನವರಿಯಲ್ಲಿ ಡ್ಯಾಂ ಕೂಡ ಮತ್ತೆ ಕೋಡಿ ಬಿತ್ತು, ಅದು ಬಿಡಿ.)

ಆಮೇಲೆ ಪರಿಚಯದ ಸರ್ವೆಯರ್ ಒಬ್ಬರು ಗ್ರಾಮ ನಕಾಶೆ ಹರಡಿದರು. ಹಳ್ಳದ ಗೆರೆ ಸೀದಾ ನನ್ನ ಸೈಟಿನ ಮೇಲೆ. ಹಳೇ ಪಹಣಿಯ 3ನೇ ಕಾಲಂನಲ್ಲಿ ಬ ಖರಾಬು (ಹಳ್ಳ, ದಾರಿಯಂಥ ಸಾರ್ವಜನಿಕ ಜಾಗ) ಎಷ್ಟು ಗುಂಟೆ ಅಂತ ಬರೆದೇ ಇತ್ತು. ಆ ಪಹಣಿ ಎಲ್ಲಿತ್ತು ಗೊತ್ತಾ? ನನ್ನ ಬೀರುವಿನಲ್ಲಿ. ಐದು ತಿಂಗಳು.

ಮತ್ತೆ ಫೋನ್. "ಹಳ್ಳ ಮುಚ್ಚಿ ಲೆವೆಲ್ ಮಾಡಿದ್ದೀವಲ್ಲ ಸಾರ್." ನೀರಿಗೆ ಹೇಳಿದ್ದೀಯೇನಪ್ಪಾ ಅಂದೆ. ಕಟ್ ಮಾಡಿದ.

ಎದುರು ಸೈಟಿನವರು ನೀರಿಗೆ ಹೆದರಿ ಐದಡಿ ಮಣ್ಣು ತುಂಬಿಸಿದರು, ಮೇಲೆ ಮೂರು ಮಹಡಿ ಎಬ್ಬಿಸಿದರು. ಕೋಟೆ ಹೋಯಿತು. ಅವರ ನೀರೂ ನನ್ನ ಕಡೆಗೇ ಬಂತು. ಕೋಟೆಯಂಥ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ಕಟ್ಟುವಂತಿಲ್ಲ, ಮುಂದಿನ 200 ಮೀಟರ್‌ಗೆ ಅನುಮತಿ ಬೇಕು. ನಾವಿರುವುದು ಅದರಿಂದ ಎಷ್ಟೋ ದೂರ, ಯಾರನ್ನು ಕೇಳಲಿ? ಲೇಔಟಿನವನನ್ನೇ ಕೇಳಿದೆ. "ಕೋಟೆ ಕಾಣುತ್ತೆ ಅಂತ ಕ್ರಯಪತ್ರದಲ್ಲಿ ಬರೆದಿದೆಯಾ ಸಾರ್?" ಬರೆದಿಲ್ಲ.

ಸೈಟನ್ನು ಬೇಸಿಗೆಯಲ್ಲಿ ನೋಡಬೇಡಿ, ಮಳೆ ಬಂದ ಮಾರನೇ ದಿನ ಹೋಗಿ. ನಕಾಶೆ, ಖರಾಬು ನೋಡಿ. ಮೋರಿ ಕಂಡರೆ ವಾಪಸ್ ಬನ್ನಿ. ಮಾವನ ಮಾತು ಕೇಳಿ, ಕಷ್ಟವಾದರೂ.

ಮೊನ್ನೆ ಪಕ್ಕದ ಸೈಟಿಗೆ ಅವನದೇ ಹೊಸ ಬೋರ್ಡ್ ಬಿದ್ದಿದೆ. ಬೋರ್ಡ್ ತುಂಬಾ ಕೋಟೆ ಫೋಟೋ.