ಗಲ್ಫ್‌ನಿಂದ ಮರಳಿದ ಶಿಕ್ಷಕರಿಗೆ ಮೂರು ದಾರಿ: ಶಾಲೆ, ಮನೆಪಾಠ, ಆನ್‌ಲೈನ್ – ಮಾಡಿ ನೋಡಿದ ಹೋಲಿಕೆ

ಮಸ್ಕತ್, ದೋಹಾ, ದುಬೈಗಳ ಭಾರತೀಯ ಶಾಲೆಗಳಲ್ಲಿ ವರ್ಷಗಟ್ಟಲೆ ಗಣಿತ, ವಿಜ್ಞಾನ ಹೇಳಿಕೊಟ್ಟು ಊರಿಗೆ ಬಂದವರಿಗೆ ಮುಂದಿನ ದುಡಿಮೆಗೆ ಮೂರು ದಾರಿಗಳಿವೆ. ಹತ್ತಿರದ ಸಿಬಿಎಸ್‌ಇ ಶಾಲೆ ಸೇರಬಹುದು, ಮನೆಯಲ್ಲೇ ಟ್ಯೂಷನ್ ಮಾಡಬಹುದು, ಬಿಟ್ಟುಬಂದ ಊರಿನ ಮಕ್ಕಳಿಗೆ ಇಲ್ಲಿಂದಲೇ ಆನ್‌ಲೈನ್ ಪಾಠ ಹೇಳಬಹುದು. ಮೂರನ್ನೂ ಮಾಡಿ ನೋಡಿದ ಮೇಲೆ ನಾವು ಹೇಳುವುದಿಷ್ಟು: ತಿಂಗಳ ಸಂಬಳ ಬರಲೇಬೇಕೆಂಬ ಒತ್ತಡ ಇಲ್ಲದಿದ್ದರೆ ಮೊದಲ ವರ್ಷ ಶಾಲೆಗೆ ಸಹಿ ಹಾಕಬೇಡಿ. ಮನೆಪಾಠ, ಆನ್‌ಲೈನ್ ಎರಡನ್ನೂ ಹೊಂದಿಸಿಕೊಳ್ಳಿ. ಯಾಕೆಂದರೆ ಇವೆರಡರ ವರ್ಷದ ಏರಿಳಿತ ಒಂದರ ಹಳ್ಳವನ್ನು ಇನ್ನೊಂದು ತುಂಬುವ ಹಾಗಿದೆ.

ಗಲ್ಫ್‌ನ ಭಾರತೀಯ ಶಾಲೆಗಳು ಏಪ್ರಿಲ್‌ನಲ್ಲಿ ಶುರುವಾಗಿ, ಜುಲೈ–ಆಗಸ್ಟ್ ಬೇಸಿಗೆಯಲ್ಲಿ ಮುಚ್ಚಿ, ಮಾರ್ಚ್‌ಗೆ ಮುಗಿಯುತ್ತವೆ. ಕರ್ನಾಟಕದಲ್ಲಿ ಏಪ್ರಿಲ್–ಮೇ ರಜೆ; ಜೂನ್‌ನಿಂದ ಪಾಠ ಜೋರು, ದಸರೆಗೆ ಬಿಡುವು. ಅಲ್ಲಿಯ ಮಕ್ಕಳು ವಿಮಾನ ಹತ್ತಿ ಅಜ್ಜಿ ಮನೆಗೆ ಬರುವ ಎರಡು ತಿಂಗಳು ಆನ್‌ಲೈನ್ ತರಗತಿ ಖಾಲಿ ಬೀಳುತ್ತದೆ. ಆಗ ಇಲ್ಲಿಯ ಹತ್ತನೇ ತರಗತಿಯ ಮಕ್ಕಳು ಮೊದಲ ಕಿರುಪರೀಕ್ಷೆಯ ಅಂಕ ನೋಡಿಕೊಂಡು ಟ್ಯೂಷನ್ ಹುಡುಕುತ್ತಿರುತ್ತಾರೆ. ಇಲ್ಲಿ ಮನೆಪಾಠ ನಿಲ್ಲುವ ಏಪ್ರಿಲ್–ಮೇ ತಿಂಗಳಲ್ಲಿ ಅಲ್ಲಿ ಹೊಸ ತರಗತಿ ಶುರು.

ಮೊದಲು ಶಾಲೆಯ ಮಾತು. ಹೆಚ್ಚಿನ ಶಾಲೆಗಳು ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಸಂದರ್ಶನ ಮಾಡಿ ಜೂನ್‌ಗೆ ತೆಗೆದುಕೊಳ್ಳುತ್ತವೆ. ಜುಲೈಯಲ್ಲಿ ಬಂದಿಳಿದರೆ ಉಳಿದಿರುವುದು ಹೆರಿಗೆ ರಜೆಯ ಬದಲಿ ಜಾಗ ಅಥವಾ ಯಾರೋ ನಡುವೆ ಬಿಟ್ಟುಹೋದ ಜಾಗ ಮಾತ್ರ. ಅಲ್ಲಿರುವಾಗಲೇ ವಿಡಿಯೊದಲ್ಲಿ ಡೆಮೊ ಕೊಟ್ಟು ಮುಗಿಸಿದರೆ ಒಳ್ಳೆಯದು. ಅನುಭವ ಪತ್ರವನ್ನಂತೂ ಅಲ್ಲೇ ಪೂರ್ತಿ ಮಾಡಿಸಿಕೊಂಡು ಬನ್ನಿ. ಅದರಲ್ಲಿ ಸೇರಿದ ದಿನ, ಬಿಟ್ಟ ದಿನ, ಪಾಠ ಮಾಡಿದ ತರಗತಿ ಮತ್ತು ವಿಷಯ, ಶಾಲೆಯ ಸಿಬಿಎಸ್‌ಇ ಮಾನ್ಯತಾ ಸಂಖ್ಯೆ ಇಷ್ಟೂ ಇರಬೇಕು. ಒಮಾನ್ ಮತ್ತು ಸೌದಿಯಲ್ಲಿ ಅಪೋಸ್ಟಿಲ್ (ದಾಖಲೆ ಅಸಲಿಯೆಂದು ಬೇರೆ ದೇಶವೂ ಒಪ್ಪುವ ಸರ್ಕಾರಿ ಮುದ್ರೆ) ಮಾಡಿಸಬಹುದು. ಯುಎಇಯಲ್ಲಾದರೆ ಅಲ್ಲಿಯ ವಿದೇಶಾಂಗ ಇಲಾಖೆಯ ಮುದ್ರೆ, ಆಮೇಲೆ ಭಾರತೀಯ ದೂತಾವಾಸದ ಮುದ್ರೆ. ನಿಮ್ಮ ಮೇಲೆ ಅಪರಾಧ ಪ್ರಕರಣವಿಲ್ಲ ಎಂಬ ಅಲ್ಲಿಯ ಪೊಲೀಸ್ ಪತ್ರವನ್ನೂ ನಿವಾಸಿ ಕಾರ್ಡು ಚಾಲ್ತಿಯಲ್ಲಿರುವಾಗಲೇ ತೆಗೆದುಕೊಳ್ಳಿ. ಮುದ್ರೆಯಿಲ್ಲದ ಹನ್ನೆರಡು ವರ್ಷದ ಅನುಭವವನ್ನು ಇಲ್ಲಿಯ ಆಡಳಿತ ಮಂಡಳಿ ಸೊನ್ನೆ ಎಂದೆಣಿಸಿ ಆರಂಭದ ಸಂಬಳಕ್ಕೆ ಕೂರಿಸುವುದುಂಟು.

ನೇಮಕಾತಿ ಆದೇಶ ಕೈಗೆ ಬಂದಾಗ ಮೂರು ಪ್ರಶ್ನೆ ಕೇಳಿ. ಏಪ್ರಿಲ್–ಮೇ ಸಂಬಳ ಇದೆಯೇ? ಪಿಎಫ್ ಪೂರ್ತಿ ಮೂಲವೇತನದ ಮೇಲೋ, 15,000ದ ಮಿತಿಯ ಮೇಲೆ 1,800 ಮಾತ್ರವೋ? ಮೂಲ ಅಂಕಪಟ್ಟಿ, ಬಿ.ಎಡ್. ಪ್ರಮಾಣಪತ್ರವನ್ನು ಕಚೇರಿಯಲ್ಲಿ ಇಟ್ಟುಕೊಳ್ಳುತ್ತಾರೆಯೇ? ಮೂರನೆಯದಕ್ಕೆ ಹೌದು ಎಂದರೆ ಅಲ್ಲಿಗೇ ನಿಲ್ಲಿಸಿ. ತೋರಿಸಿ ವಾಪಸ್ ತರುವುದು ಸರಿ, ಒತ್ತೆ ಇಡುವುದು ಸರಿಯಲ್ಲ.

ಪಠ್ಯ ಅದೇ ಎನ್‌ಸಿಇಆರ್‌ಟಿ, ಅದರಿಂದ ಕಷ್ಟವಿಲ್ಲ. ಕಷ್ಟ ಬರುವುದು ಗಂಟಲಿಗೆ. ಅಲ್ಲಿ ಕಿಟಕಿ ಮುಚ್ಚಿದ ಎಸಿ ಕೋಣೆ. ಇಲ್ಲಿ ತೆರೆದ ಕಿಟಕಿ, ಮೂರು ಫ್ಯಾನು, ಜುಲೈಯ ಶೀಟಿನ ಮಾಡಿನ ಮೇಲೆ ಮಳೆ. ಜೋರಾಗಿ ಕೂಗಿ ಪಾಠ ಮಾಡಿದರೆ ಮೂರನೇ ವಾರಕ್ಕೆ ದನಿ ಒಡೆಯುತ್ತದೆ. ಮಳೆ ಜೋರಾದಾಗ ಬೋರ್ಡಿಗೆ ಲೆಕ್ಕ ಬರೆದು ಮಕ್ಕಳಿಂದ ಬಿಡಿಸಿ. ವಿವರಣೆಯನ್ನು ಮಳೆ ತಗ್ಗಿದ ಮೇಲೆ ಇಟ್ಟುಕೊಳ್ಳಿ. ಇನ್ನೊಂದು ಮಾತು: 2009ರ ಶಿಕ್ಷಣ ಹಕ್ಕು ಕಾಯ್ದೆಯ 28ನೇ ಕಲಮು ಶಿಕ್ಷಕರು ಖಾಸಗಿ ಟ್ಯೂಷನ್ ಮಾಡುವಂತಿಲ್ಲ ಎನ್ನುತ್ತದೆ. ಹಾಗಾಗಿ ಶಾಲೆಯೂ ಇರಲಿ, ಸಂಜೆ ಟ್ಯೂಷನ್ನೂ ಇರಲಿ ಎಂಬ ಲೆಕ್ಕಾಚಾರ ಬೇಡ.

ಮನೆಪಾಠಕ್ಕೆ ಬಂಡವಾಳ ಕಡಿಮೆ. 10 ಅಡಿ ಅಗಲ, 12 ಅಡಿ ಉದ್ದದ ಕೋಣೆಯಲ್ಲಿ ಎಂಟು ಮಕ್ಕಳು ಆರಾಮಾಗಿ ಕೂರುತ್ತಾರೆ. ಹತ್ತಾದರೆ ಹಿಂದಿನ ಸಾಲಿನ ಪುಸ್ತಕ ನಿಮ್ಮ ಕಣ್ಣಿಗೆ ಬೀಳುವುದಿಲ್ಲ, ಅಲ್ಲಿಂದಲೇ ಪಾಠ ಸಡಿಲವಾಗುತ್ತದೆ. 4 ಅಡಿ ಅಗಲ, 3 ಅಡಿ ಎತ್ತರದ ಬೋರ್ಡು ಸಾಕು. ಸೈಕಲ್ ನಿಲ್ಲಿಸುವ ಜಾಗ, ಕೊಡೆ ಒರಗಿಸುವ ಮೂಲೆ, ಹೊರಗಿನಿಂದಲೇ ಹೋಗಬಹುದಾದ ಶೌಚಾಲಯ, ಈ ಮೂರು ಇಲ್ಲದಿದ್ದರೆ ಮನೆಯವರಿಗೂ ಪಕ್ಕದ ಮನೆಯವರಿಗೂ ಬೇಗ ಬೇಸರ ಬರುತ್ತದೆ.

ಇಲ್ಲಿ ಎಡವುವುದು ಭಾಷೆಯಲ್ಲಿ. ಕನ್ನಡ ಮಾಧ್ಯಮದ ಎಸ್‌ಎಸ್‌ಎಲ್‌ಸಿ ಹುಡುಗ ‘ಅರಿತ್‌ಮೆಟಿಕ್ ಪ್ರೊಗ್ರೆಶನ್’ ಎಂದರೆ ಸುಮ್ಮನೆ ಮುಖ ನೋಡುತ್ತಾನೆ. ಅವನ ಪುಸ್ತಕದಲ್ಲಿ ಅದು ‘ಸಮಾಂತರ ಶ್ರೇಢಿ’. ಪಾಲಿನೋಮಿಯಲ್ ‘ಬಹುಪದೋಕ್ತಿ’, ಕೋಆರ್ಡಿನೇಟ್ ಜಾಮೆಟ್ರಿ ‘ನಿರ್ದೇಶಾಂಕ ರೇಖಾಗಣಿತ’. ಲೆಕ್ಕ ಒಂದೇ, ಹೆಸರು ಬೇರೆ. ಪಠ್ಯಪುಸ್ತಕದ ಕನ್ನಡ ಮತ್ತು ಇಂಗ್ಲಿಷ್ ಪ್ರತಿಗಳೆರಡನ್ನೂ ತಂದು, ಅಧ್ಯಾಯಕ್ಕೊಂದರಂತೆ ಎರಡು ಕಾಲಮಿನ ಪಟ್ಟಿ ಮಾಡಿ ಬೋರ್ಡಿನ ಪಕ್ಕ ಅಂಟಿಸಿಕೊಳ್ಳಿ. ಒಂದೇ ಬ್ಯಾಚಿನಲ್ಲಿ ರಾಜ್ಯ ಪಠ್ಯಕ್ರಮದ ಮಕ್ಕಳನ್ನೂ ಸಿಬಿಎಸ್‌ಇ ಮಕ್ಕಳನ್ನೂ ಕೂರಿಸಬೇಡಿ. ಅಧ್ಯಾಯದ ಕ್ರಮ ಬೇರೆ, ಪ್ರಶ್ನೆಪತ್ರಿಕೆಯ ಸ್ವಭಾವ ಬೇರೆ. ಅರ್ಧ ಬ್ಯಾಚು ಸದಾ ಕಾಯುತ್ತಾ ಕೂರುತ್ತದೆ. ಫೀಸು ತಿಂಗಳ ಮೊದಲಿಗೇ ಬರಬೇಕು. ‘ಪರೀಕ್ಷೆ ಮುಗಿದ ಮೇಲೆ ಒಟ್ಟಿಗೆ ಕೊಡ್ತೀವಿ ಮೇಷ್ಟ್ರೇ’ ಎಂಬ ಮಾತಿಗೆ ಒಪ್ಪಿದರೆ ಫೆಬ್ರವರಿಯ ಫೀಸು ಹೆಚ್ಚಾಗಿ ಬರುವುದಿಲ್ಲ.

ಆನ್‌ಲೈನ್‌ನಲ್ಲಿ ಪಾಠಕ್ಕಿಂತ ವ್ಯವಸ್ಥೆಯೇ ಹೆಚ್ಚು ಕೈಕೊಡುವುದು. ನಮ್ಮ ಗಡಿಯಾರ ಒಮಾನ್, ಯುಎಇಗಿಂತ ಒಂದೂವರೆ ಗಂಟೆ ಮುಂದೆ. ಕತಾರ್, ಸೌದಿ, ಕುವೈತ್, ಬಹರೇನ್‌ಗಿಂತ ಎರಡೂವರೆ ಗಂಟೆ ಮುಂದೆ. ನಮ್ಮ ಸಂಜೆ 6:30 ದುಬೈಯ 5, ದೋಹಾದ 4. ಒಮಾನ್, ಕತಾರ್, ಸೌದಿ, ಕುವೈತ್‌ಗಳಲ್ಲಿ ಶುಕ್ರವಾರ–ಶನಿವಾರ ರಜೆ; ಯುಎಇಯಲ್ಲಿ 2022ರಿಂದ ಶನಿವಾರ–ಭಾನುವಾರ. ಹೀಗಾಗಿ ಶುಕ್ರವಾರ ಬೆಳಿಗ್ಗೆ 10ರಿಂದ 12:30, ಇಲ್ಲಿಯ ಮಕ್ಕಳೆಲ್ಲ ಶಾಲೆಯಲ್ಲಿರುವ ಹೊತ್ತು, ಮಸ್ಕತ್ ಮಕ್ಕಳಿಗೆ ಬಂಗಾರದಂಥ ಸಮಯ. ರಂಜಾನ್ ಪ್ರತಿವರ್ಷ ಹತ್ತು ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತದೆ. ಆ ತಿಂಗಳು ಶಾಲೆಯ ವೇಳೆಯೂ ಮನೆಯ ವೇಳೆಯೂ ಬದಲಾಗುವುದರಿಂದ ವೇಳಾಪಟ್ಟಿಯನ್ನು ಎರಡು ವಾರ ಮೊದಲೇ ಪಾಲಕರೊಡನೆ ಮಾತಾಡಿ ಹೊಸದಾಗಿ ಮಾಡಿ.

ಬರೆದು ತೋರಿಸಲು ದುಬಾರಿ ಪೆನ್ ಟ್ಯಾಬ್ಲೆಟ್ ಬೇಕೇ ಬೇಕು ಅಂತೇನಿಲ್ಲ. ಎರಡನ್ನೂ ಬಳಸಿದ್ದೇವೆ, ರೇಖಾಗಣಿತದ ಚಿತ್ರಕ್ಕೆ ಕಾಗದವೇ ಮೇಲು. ಬಾಗುವ ಸ್ಟ್ಯಾಂಡಿಗೆ ಹಳೆಯ ಫೋನು ಸಿಕ್ಕಿಸಿ, ಎ4 ಹಾಳೆಯ ಮೇಲೆ ಸುಮಾರು ಒಂದಡಿ ಎತ್ತರದಲ್ಲಿ ನಿಲ್ಲಿಸಿ. ಬಲಗೈಯವರಾದರೆ ದೀಪ ಎಡಗಡೆಯಿಂದ ಬರಲಿ, ಇಲ್ಲದಿದ್ದರೆ ಕೈಯ ನೆರಳು ಬರೆಯುವ ಸಾಲಿನ ಮೇಲೇ ಬೀಳುತ್ತದೆ. ಲ್ಯಾಪ್‌ಟಾಪ್, ಫೋನ್ ಎರಡರಿಂದಲೂ ಒಂದೇ ಮೀಟಿಂಗಿಗೆ ಸೇರಿ. ಫೋನಿನ ಮೈಕು, ಸ್ಪೀಕರು ಎರಡನ್ನೂ ಆರಿಸಿ, ಇಲ್ಲವಾದರೆ ಪ್ರತಿ ಮಾತೂ ಮಾರ್ದನಿಸುತ್ತದೆ. ಝೂಮ್ ಉಚಿತ ಖಾತೆ 40 ನಿಮಿಷಕ್ಕೆ ನಿಲ್ಲುತ್ತದೆ. ಗೂಗಲ್ ಮೀಟ್‌ನಲ್ಲಿ ಮೂರು ಅಥವಾ ಅದಕ್ಕಿಂತ ಹೆಚ್ಚು ಮಂದಿಯಾದರೆ 60 ನಿಮಿಷ. ಯುಎಇಯಲ್ಲಿ ವಾಟ್ಸಾಪ್ ಕರೆ ನಡೆಯುವುದಿಲ್ಲ. ಮೆಸೇಜು, ಫೋಟೊ ಹೋಗುತ್ತವೆ, ಹೋಂವರ್ಕ್ ತಿದ್ದಲು ಅಷ್ಟು ಸಾಕು.

ಕರಾವಳಿ, ಮಲೆನಾಡಿನವರು ಇದನ್ನು ಗಮನವಿಟ್ಟು ಓದಿ. ಏಪ್ರಿಲ್–ಮೇ ಮತ್ತು ಅಕ್ಟೋಬರ್‌ನ ಗುಡುಗು ಬರುವುದು ಸರಿಯಾಗಿ ಪಾಠದ ಹೊತ್ತಿಗೆ, ಇಳಿಸಂಜೆಗೆ. ಫೈಬರ್ ತಂತಿ ಗಾಜಿನದು, ಅದರ ಮೂಲಕ ಸಿಡಿಲು ಒಳಗೆ ಬರುವುದಿಲ್ಲ. ರೂಟರ್ ಸುಡುವುದು ಕರೆಂಟಿನ ಅಡಾಪ್ಟರ್ ಮೂಲಕ. ರೂಟರಿಗೆ ಕೂಡಿಸುವ ಪುಟ್ಟ ಬ್ಯಾಟರಿ ಪೆಟ್ಟಿಗೆ, ಅಂದರೆ ಮಿನಿ ಯುಪಿಎಸ್ ಇದ್ದರೆ ಗುಡುಗು ಶುರುವಾದ ಕೂಡಲೇ ಗೋಡೆಯ ಪ್ಲಗ್ಗು ಕಿತ್ತಿಟ್ಟು ಬ್ಯಾಟರಿಯಲ್ಲೇ ಪಾಠ ಮುಂದುವರಿಸಬಹುದು. ಕೊಳ್ಳುವ ಮೊದಲು ರೂಟರಿನ ಅಡಿಯ ಚೀಟಿ ನೋಡಿ: 12 ವೋಲ್ಟ್, 2 ಆಂಪಿಯರ್ ಎಂದಿದ್ದು ನೀವು 1 ಆಂಪಿಯರಿನ ಯುಪಿಎಸ್ ತಂದರೆ ರೂಟರ್ ಮತ್ತೆ ಮತ್ತೆ ಆರಿ ಹತ್ತುತ್ತದೆ, ಮತ್ತು ತಪ್ಪು ಇಂಟರ್ನೆಟ್ಟಿನದೆಂದು ವಾರಗಟ್ಟಲೆ ದೂರು ಕೊಡುತ್ತಾ ಇರುತ್ತೀರಿ. ಲ್ಯಾಪ್‌ಟಾಪ್, ಫ್ಯಾನು, ದೀಪ ಸೇರಿ ಸುಮಾರು 160 ವಾಟ್; 150 ಆಂಪಿಯರ್–ಅವರ್ ಬ್ಯಾಟರಿಯ ಇನ್ವರ್ಟರ್ ನಾಲ್ಕೈದು ಗಂಟೆ ಧಾರಾಳವಾಗಿ ಎಳೆಯುತ್ತದೆ. ಆದರೆ ರಸ್ತೆ ಬದಿಯ ಕೇಬಲ್‌ನವರ ಪೆಟ್ಟಿಗೆಗೇ ಕರೆಂಟಿಲ್ಲದಿದ್ದರೆ ಮನೆಯಲ್ಲಿ ಏನಿದ್ದೂ ಪ್ರಯೋಜನವಿಲ್ಲ. ಅದಕ್ಕಾಗಿ ಬೇರೆ ಕಂಪನಿಯ ಸಿಮ್ಮಿನ ಹಾಟ್‌ಸ್ಪಾಟ್ ಸಿದ್ಧವಿರಲಿ.

ಎಚ್ಚರಿಕೆಯ ಮಾತೊಂದು: ಅಲ್ಲಿ ಕೆಲಸದಲ್ಲಿರುವಾಗಲೇ ಖಾಸಗಿ ಪಾಠ ಶುರು ಮಾಡಬೇಡಿ. ಯುಎಇಯಲ್ಲಿ ಅದಕ್ಕೆ ಪ್ರತ್ಯೇಕ ಪರವಾನಗಿ ಬೇಕು. ಅಲ್ಲಿಯ ಕೆಲಸದ ಲೆಕ್ಕ ಚುಕ್ತಾ ಆಗಿ ಊರು ಸೇರಿದ ಮೇಲೆ ಹಳೆಯ ಪಾಲಕರಿಗೆ ತಿಳಿಸಿ.

ಹಣದ ಹೋಲಿಕೆಯನ್ನು ತಿಂಗಳ ಮೊತ್ತದಲ್ಲಿ ಮಾಡಿದರೆ ಮೋಸ ಹೋಗುತ್ತೀರಿ, ಗಂಟೆಗೆ ಇಳಿಸಿ ನೋಡಿ. ಸಂಬಳ 30,000 ಅಂತಿಟ್ಟುಕೊಳ್ಳಿ. ದಿನಕ್ಕೆ 7 ಗಂಟೆಯಂತೆ 25 ದಿನ 175 ಗಂಟೆ, ಕಾಪಿ ತಿದ್ದಲು, ಪಾಠ ಟಿಪ್ಪಣಿ ಬರೆಯಲು 40, ಹೋಗಿಬರಲು 25. ಒಟ್ಟು 240, ಅಂದರೆ ಗಂಟೆಗೆ 125 ರೂಪಾಯಿ. ಎಂಟು ಮಕ್ಕಳ ಒಂದು ಬ್ಯಾಚು ತಲಾ 800 ಕೊಟ್ಟರೆ 6,400. ಪಾಠ 30 ಗಂಟೆ, ತಯಾರಿ 10 ಗಂಟೆ, ಗಂಟೆಗೆ 160. ಆನ್‌ಲೈನ್‌ನಲ್ಲಿ ಇದಕ್ಕಿಂತ ಹೆಚ್ಚು ಸಿಗುತ್ತದೆ, ಆದರೆ ಜುಲೈ–ಆಗಸ್ಟ್ ಸೊನ್ನೆ ಎಂದು ಬರೆದುಕೊಂಡು ವರ್ಷದ ಸರಾಸರಿ ತೆಗೆಯಬೇಕು. ಪಿಎಫ್ ಆಗಲಿ, ಐದು ವರ್ಷಕ್ಕೆ ಬರುವ ಗ್ರಾಚ್ಯುಟಿಯಾಗಲಿ ಶಾಲೆಯಲ್ಲಿ ಮಾತ್ರ. ನಲವತ್ತರ ಒಳಗಿನವರಿಗೆ, ಮನೆಯಲ್ಲಿ ಬೇರೆ ಸಂಬಳ ಇಲ್ಲದವರಿಗೆ ಇದು ಸಣ್ಣ ವಿಷಯವಲ್ಲ. ಅವರಿಗೆ ಶಾಲೆಯೇ ಸರಿ.

ಟ್ಯೂಷನ್ ಹಣ ಹಳೆಯ ಎನ್‌ಆರ್‌ಇ ಖಾತೆಗೆ (ಅನಿವಾಸಿ ಭಾರತೀಯರ ರೂಪಾಯಿ ಖಾತೆ) ಬರಬಾರದು. ಊರಿಗೆ ನೆಲೆಯಾಗಿ ಬಂದ ಮೇಲೆ ಆ ಖಾತೆಯನ್ನು ರೆಸಿಡೆಂಟ್ ಖಾತೆಯಾಗಿ ಬದಲಿಸಬೇಕು, ಅಥವಾ ಅದರಲ್ಲಿರುವ ಹಣವನ್ನು ಆರ್‌ಎಫ್‌ಸಿ ಖಾತೆಗೆ (ಮರಳಿದವರು ವಿದೇಶಿ ಕರೆನ್ಸಿಯಲ್ಲೇ ಹಣ ಇಡುವ ಖಾತೆ) ಹಾಕಬೇಕು. ಎನ್‌ಆರ್‌ಇ ಬಡ್ಡಿಯ ತೆರಿಗೆ ವಿನಾಯಿತಿ ಅಲ್ಲಿಗೆ ಮುಗಿಯುತ್ತದೆ. ಮನೆಪಾಠದ ಆದಾಯ ಸಂಬಳವಲ್ಲ, ವೃತ್ತಿಯ ಆದಾಯ; ಆದ್ದರಿಂದ ಸಂಬಳದಾರರು ತುಂಬುವ ಸರಳ ತೆರಿಗೆ ಫಾರಂ ಐಟಿಆರ್‌–1 ನಡೆಯುವುದಿಲ್ಲ.

ನಮಗೆ ಹೊಂದಿಕೊಂಡ ದಿನಚರಿ: ಬೆಳಿಗ್ಗೆ 6:30ರಿಂದ 7:45 ಎಸ್‌ಎಸ್‌ಎಲ್‌ಸಿ ಬ್ಯಾಚು, ಸಂಜೆ 4:45ರಿಂದ 6 ಒಂಬತ್ತನೆಯವರು, 6:30ರಿಂದ 9 ಆನ್‌ಲೈನ್. ನಡುವಿನ ಅರ್ಧ ಗಂಟೆಗೆ ಯಾವ ಮಗುವನ್ನೂ ಸೇರಿಸಿಕೊಳ್ಳಬೇಡಿ. ಕಾಫಿ ಕುಡಿಯಲು, ಬೋರ್ಡು ಒರೆಸಲು, ಫೋನು ಚಾರ್ಜಿಗೆ ಹಾಕಲು ಆ ಹೊತ್ತು ಬೇಕೇ ಬೇಕು.