ಸ್ಟೆಲ್ಲೇರಿಯಮ್: ಬಾಲಚುಕ್ಕಿ ಎಲ್ಲಿದೆ ಅನ್ನೋದಕ್ಕೆ ಪಕ್ಕಾ, ಎಷ್ಟು ಹೊಳೆಯುತ್ತೆ ಅನ್ನೋದಕ್ಕೆ ಅಲ್ಲ

ಕಂಪ್ಯೂಟರ್ ತೆರೆಯ ಮೇಲೆ ಆಕಾಶ ತೋರಿಸುವ ಸಾಫ್ಟ್‌ವೇರ್ ಸ್ಟೆಲ್ಲೇರಿಯಮ್. ಗ್ರಹ, ನಕ್ಷತ್ರ ತೋರಿಸುವುದರಲ್ಲಿ ಅದು ಎಷ್ಟು ಚೆನ್ನಾಗಿದೆ ಅಂತ ಬೇಕಾದಷ್ಟು ಜನ ಬರೆದಿದ್ದಾರೆ. ನಾನು ಹೇಳಬೇಕಾಗಿರುವುದು ಒಂದೇ ಕೆಲಸದ ಬಗ್ಗೆ: ಧೂಮಕೇತುಗಳ ಬೆನ್ನು ಹತ್ತುವುದು. ಚಿತ್ರದುರ್ಗದಲ್ಲಿದ್ದುಕೊಂಡು, ಒಂದು 10×50 ಬೈನಾಕ್ಯುಲರ್ ಜೊತೆ ಈ ಸಾಫ್ಟ್‌ವೇರನ್ನು ವರ್ಷಗಳಿಂದ ಇದಕ್ಕೇ ಬಳಸುತ್ತಿದ್ದೇನೆ. ಕಂಪ್ಯೂಟರ್‌ಗೆ ಹಾಕಿಕೊಳ್ಳುವ ಆವೃತ್ತಿ ಪೂರ್ತಿ ಉಚಿತ. ಒಮ್ಮೆ ಹಾಕಿಕೊಂಡರೆ ಇಂಟರ್ನೆಟ್ ಇಲ್ಲದೆಯೂ ನಡೆಯುತ್ತದೆ. ಹೊಲದ ಬದುವಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ನೋಡುವವರಿಗೆ ಇದು ದೊಡ್ಡ ಅನುಕೂಲ.

ಮೊದಲು ಮಾಡಬೇಕಾದ್ದು ಊರು ಸರಿಯಾಗಿ ಹೊಂದಿಸುವುದು. ಎಫ್6 ಒತ್ತಿ, ಅಕ್ಷಾಂಶ 14.2, ರೇಖಾಂಶ 76.4 ಕೊಟ್ಟರೆ ದುರ್ಗದ ಆಕಾಶ ಬರುತ್ತದೆ. ಇದನ್ನು ಸುಮ್ನೆ ಬಿಡಬೇಡಿ. ಸುದ್ದಿಯಲ್ಲಿ ಬರುವ ಧೂಮಕೇತು ಚಿತ್ರಗಳೆಲ್ಲ ಹೆಚ್ಚಾಗಿ ಯುರೋಪ್, ಅಮೆರಿಕದವು. ಅಲ್ಲಿ ಧ್ರುವ ನಕ್ಷತ್ರ ಆಕಾಶದ ಅರ್ಧಕ್ಕೆ ಏರಿರುತ್ತದೆ. ನಮಗೆ ಬರೀ 14 ಡಿಗ್ರಿ ಎತ್ತರ. ಹಾಗಾಗಿ ಉತ್ತರದ ಆಕಾಶದಲ್ಲಿ ಬರುವ ಧೂಮಕೇತು ನಮಗೆ ದಿಗಂತದ ಹತ್ತಿರವೇ ಉಳಿಯುತ್ತದೆ. 2020ರ ಜುಲೈನಲ್ಲಿ ನಿಯೋವೈಸ್ ಧೂಮಕೇತು ಬಂದಾಗ ಅವರಿಗೆ ಸಿಕ್ಕಷ್ಟು ಎತ್ತರ ನಮಗೆ ಸಿಗಲಿಲ್ಲ, ಜೊತೆಗೆ ಮುಂಗಾರಿನ ಮೋಡ ಬೇರೆ.

ಈಗ ಮುಖ್ಯ ವಿಷಯ. ಸ್ಟೆಲ್ಲೇರಿಯಮ್‌ನಲ್ಲಿ ಸೋಲಾರ್ ಸಿಸ್ಟಮ್ ಎಡಿಟರ್ ಎಂಬ ಪ್ಲಗಿನ್ (ಜೊತೆಗೆ ಸೇರಿಸಿದ ಪುಟ್ಟ ಉಪಕರಣ) ಇದೆ. ಹೊಸ ಧೂಮಕೇತುಗಳನ್ನು ಇದರ ಮೂಲಕ ಸೇರಿಸಬೇಕು. ಕ್ಷುದ್ರಗ್ರಹ, ಧೂಮಕೇತುಗಳ ಲೆಕ್ಕ ಇಡುವ, ಅಮೆರಿಕದಲ್ಲಿರುವ ಮೈನರ್ ಪ್ಲಾನೆಟ್ ಸೆಂಟರ್ ಕೊಡುವ ಪಟ್ಟಿಯಿಂದ ಅದು ಕಕ್ಷೆಯ ಅಂಕಿಗಳನ್ನು ತಂದುಕೊಳ್ಳುತ್ತದೆ. ಒಂದು ಕಕ್ಷೆಯನ್ನು ಹೇಳಲು ಆರು ಅಂಕಿ ಸಾಕು. ಸೂರ್ಯನಿಗೆ ಅತಿ ಹತ್ತಿರ ಬರುವ ದಿನ, ಆಗಿನ ದೂರ, ಕಕ್ಷೆ ಎಷ್ಟು ಉದ್ದಕ್ಕೆ ಎಳೆದಂತಿದೆ ಎನ್ನುವ ಅಂಕಿ, ಆಮೇಲೆ ಅದು ಯಾವ ಕಡೆಗೆ ಎಷ್ಟು ವಾಲಿದೆ ಎಂದು ಹೇಳುವ ಮೂರು ಕೋನಗಳು. ಇಷ್ಟಿದ್ದರೆ ಯಾವ ರಾತ್ರಿ ಎಲ್ಲಿರುತ್ತದೆ ಎಂದು ಲೆಕ್ಕ ಹಾಕಬಹುದು.

ಆದರೆ ಈ ಅಂಕಿಗಳು ಹಳತಾಗುತ್ತವೆ. ಗುರು ಗ್ರಹ ಧೂಮಕೇತುವನ್ನು ಎಳೆಯುತ್ತದೆ. ಮಂಜುಗಡ್ಡೆ ಆವಿಯಾಗಿ ಚಿಮ್ಮುವ ಅನಿಲ ಅದನ್ನು ಸ್ವಲ್ಪ ಸ್ವಲ್ಪವೇ ತಳ್ಳುತ್ತದೆ. ಸ್ಟೆಲ್ಲೇರಿಯಮ್ ಸೂರ್ಯನ ಸೆಳೆತವನ್ನಷ್ಟೇ ಹಿಡಿದು ಲೆಕ್ಕ ಹಾಕುವುದರಿಂದ, ಅಂಕಿಗಳು ನಾವು ನೋಡುವ ದಿನಕ್ಕೆ ಹತ್ತಿರದ್ದೇ ಆಗಿರಬೇಕು. ಹಾಗಾಗಿ ಒಂದು ಧೂಮಕೇತುವನ್ನು ಹಿಂಬಾಲಿಸುವಷ್ಟು ದಿನ ಆಗಾಗ ಹೊಸದಾಗಿ ಇಳಿಸಿಕೊಳ್ಳುತ್ತಿರಿ. ಎರಡು ನಿಮಿಷದ ಕೆಲಸ.

ಹೀಗೆ ಮಾಡಿದರೆ ಜಾಗದ ಬಗ್ಗೆ ಕಣ್ಣು ಮುಚ್ಚಿ ನಂಬಬಹುದು. 2023ರ ಫೆಬ್ರುವರಿಯಲ್ಲಿ ಜೆಡ್‌ಟಿಎಫ್ ಎಂಬ ಹಸಿರು ಧೂಮಕೇತು ಭೂಮಿಗೆ ಸುಮಾರು 4 ಕೋಟಿ ಕಿಲೋಮೀಟರ್ ಹತ್ತಿರಕ್ಕೆ ಬಂದಿತ್ತು. 5ನೇ ತಾರೀಖು ಹುಣ್ಣಿಮೆ. ಅದು ಕಳೆದ ಮೇಲೆ, ಚಂದ್ರ ತಡವಾಗಿ ಏಳುವ ದಿನಗಳಲ್ಲಿ, ಚಳ್ಳಕೆರೆ ಕಡೆಯ ಬಯಲಿಗೆ ಹೋಗಿ ನೋಡಿದೆವು. ಮಂಗಳನ ಪಕ್ಕ ತೆರೆಯ ಮೇಲೆ ಎಲ್ಲಿ ಗುರುತು ಇತ್ತೋ ಬೈನಾಕ್ಯುಲರ್‌ನಲ್ಲೂ ಅಲ್ಲೇ ಒಂದು ಮಸುಕು ಮಚ್ಚೆ. ಕೆಲವು ದಿನ ಬಿಟ್ಟು ನೋಡಿದರೆ ರೋಹಿಣಿ ನಕ್ಷತ್ರದ ಹತ್ತಿರಕ್ಕೆ ಸರಿದಿತ್ತು. ಎಲ್ ಕೀ ಒತ್ತಿ ಸಮಯವನ್ನು ಓಡಿಸಿ ನೋಡಿದ ದಾರಿಯಲ್ಲೇ ಅದು ನಡೆದಿತ್ತು. ಲೆಕ್ಕ ಹೀಗೆ ಕಣ್ಣೆದುರು ನಿಜವಾಗುವುದನ್ನು ನೋಡುವ ಖುಷಿ ನನಗೆ ಇನ್ನೂ ಹಳತಾಗಿಲ್ಲ.

ಹೊಳಪಿನ ಮಾತು ಬೇರೆ. ತೆರೆಯ ಮೇಲೆ ಬರುವ ಕಾಂತಿಮಾನ (ಹೊಳಪಿನ ಅಳತೆ; ಅಂಕಿ ಸಣ್ಣದಾದಷ್ಟೂ ಹೊಳಪು ಜಾಸ್ತಿ) ಒಂದು ಸರಳ ಸೂತ್ರದಿಂದ ಬಂದದ್ದು. ಭೂಮಿಯಿಂದ ಇರುವ ದೂರ, ಸೂರ್ಯನಿಂದ ಇರುವ ದೂರ, ಮತ್ತೆ ಆ ಧೂಮಕೇತುವಿಗೆಂದು ಅಂದಾಜು ಮಾಡಿದ ಎರಡು ಅಂಕಿ, ಅಷ್ಟೇ. ಬರೀ ಕಲ್ಲಿನ ಕ್ಷುದ್ರಗ್ರಹವಾದರೆ ಸೂರ್ಯನಿಂದ ದೂರ ಅರ್ಧವಾದಾಗ ಹೊಳಪು 4 ಪಟ್ಟು ಏರುತ್ತದೆ. ಧೂಮಕೇತು ಹತ್ತಿರ ಬಂದಂತೆ ಅನಿಲ, ಧೂಳು ಜಾಸ್ತಿ ಕಕ್ಕುವುದರಿಂದ ಸಾಮಾನ್ಯವಾಗಿ 16 ಪಟ್ಟು ಎಂದು ಹಿಡಿಯುತ್ತಾರೆ. ಎಲ್ಲ ಧೂಮಕೇತುಗಳೂ ಈ ಮಾತು ಕೇಳುತ್ತವೆಯೇ? ಇಲ್ಲ. ಪಾನ್ಸ್-ಬ್ರೂಕ್ಸ್ ಧೂಮಕೇತು 2023ರ ಜುಲೈನಲ್ಲಿ ಇದ್ದಕ್ಕಿದ್ದಂತೆ ಸುಮಾರು 100 ಪಟ್ಟು ಹೊಳೆಯಿತು. 2020ರಲ್ಲಿ ಎಲ್ಲರೂ ಆಸೆಯಿಂದ ಕಾದಿದ್ದ ಅಟ್ಲಾಸ್ ಸೂರ್ಯನ ಹತ್ತಿರ ಬರುವ ಮೊದಲೇ ಚೂರುಚೂರಾಯಿತು. 2024ರ ಸುಚಿನ್‌ಶಾನ್-ಅಟ್ಲಾಸ್ ಕೂಡ ಒಡೆದುಹೋಗುತ್ತದೆ ಎಂದು ಜ್ದೆನೆಕ್ ಸೆಕಾನಿನಾ ಅವರಂಥ ಅನುಭವಿ ವಿಜ್ಞಾನಿಯೇ ಆ ಜುಲೈನಲ್ಲಿ ಬರೆದಿದ್ದರು. ಅದು ಒಡೆಯಲಿಲ್ಲ. ಅಕ್ಟೋಬರ್ 9ರ ಸುಮಾರಿಗೆ ಸೂರ್ಯ ಮತ್ತು ಭೂಮಿಯ ನಡುವೆ ಹಾದುಹೋಗುವಾಗ ಅದರ ಧೂಳು ಬೆಳಕನ್ನು ನಮ್ಮ ಕಡೆಗೇ ಚದುರಿಸಿ ಸೂತ್ರಕ್ಕೆ ಸಿಗದಷ್ಟು ಹೊಳೆಯಿತು. ಆಮೇಲೆ ಸಂಜೆಯ ಪಶ್ಚಿಮದಲ್ಲಿ, ಶುಕ್ರ ಮತ್ತು ಸ್ವಾತಿಯ ನಡುವೆ, ಮಳೆ ಬಿಟ್ಟ ಒಂದು ಸಂಜೆ ನಮಗೂ ಕಂಡಿತು.

ಅದಕ್ಕೇ ಹೊಳಪಿಗೆ ನಾನು ಕಾಬ್ಸ್ ಎಂಬ ಜಾಲತಾಣ ನೋಡುತ್ತೇನೆ. ಸ್ಲೊವೇನಿಯಾದ ಚರ್ನಿ ವ್ರ್ಹ್ ವೀಕ್ಷಣಾಲಯ ನಡೆಸುವ ಈ ಸಂಗ್ರಹಕ್ಕೆ ಜಗತ್ತಿನ ಹವ್ಯಾಸಿಗಳು ತಾವು ಕಂಡ ಹೊಳಪನ್ನು ಕಳುಹಿಸುತ್ತಾರೆ. ನೀವೂ ಅಳೆಯಬಹುದು, ಇಲ್ಲಿ ಸ್ಟೆಲ್ಲೇರಿಯಮ್ ಮತ್ತೆ ಕೆಲಸಕ್ಕೆ ಬರುತ್ತದೆ. ಧೂಮಕೇತುವನ್ನು ಸರಿಯಾದ ಫೋಕಸ್‌ನಲ್ಲಿ ನೋಡಿ ಅದರ ಸರಾಸರಿ ಹೊಳಪನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಆಮೇಲೆ ಫೋಕಸ್ ಕೆಡಿಸಿ, ಪಕ್ಕದ ನಕ್ಷತ್ರ ಅಷ್ಟೇ ಅಗಲಕ್ಕೆ ಹರಡುವಂತೆ ಮಾಡಿ ಹೋಲಿಸಿ. ಯಾವ ನಕ್ಷತ್ರ ಸರಿಹೊಂದುತ್ತದೋ ಅದರ ಮೇಲೆ ಕ್ಲಿಕ್ ಮಾಡಿದರೆ ಕಾಂತಿಮಾನ ಸಿಗುತ್ತದೆ. ಕಾಂತಿಮಾನ 5 ಅಂದ ತಕ್ಷಣ ಬರಿಗಣ್ಣಿಗೆ ಸಿಗುತ್ತೆ ಅಂದುಕೊಳ್ಳಬೇಡಿ. ನಕ್ಷತ್ರದ ಬೆಳಕು ಒಂದು ಚುಕ್ಕಿಯಲ್ಲಿರುತ್ತದೆ, ಧೂಮಕೇತುವಿನದು ಹರಡಿರುತ್ತದೆ. ದಾವಣಗೆರೆಯಂಥ ಊರಿನ ದೀಪಗಳ ನಡುವೆ ಅದು ಕಾಣುವುದೇ ಕಷ್ಟ.

ನನಗೆ ಸ್ಟೆಲ್ಲೇರಿಯಮ್ ತುಂಬಾ ಹಿಡಿಸಿದ್ದು ಬೇರೊಂದು ಕಾರಣಕ್ಕೆ. ಪರಿಚಯದ ಅಜ್ಜ ಒಬ್ಬರು ಹುಡುಗನಾಗಿದ್ದಾಗ ಬೆಳಗಿನ ಜಾವ ಉದ್ದ ಬಾಲದ ಚುಕ್ಕಿ ನೋಡಿದ್ದರು. ಯಾವ ವರ್ಷ ಅಂತ ಕೇಳಿದರೆ, "ವರ್ಷ ಎಲ್ಲಿ ಗೊತ್ತಪ್ಪ, ಶೇಂಗಾ ಕೀಳೋ ಕಾಲ. ತಲೆ ಕಾಣೋಕೆ ಮುಂಚೆ ಬಾಲಾನೇ ಎದ್ದು ಬರ್ತಿತ್ತು" ಎಂದರು. ನನ್ನ ಮನಸ್ಸಿಗೆ ಬಂದದ್ದು ಎರಡು: 1965ರ ಇಕೆಯಾ-ಸೆಕಿ, 1976ರ ವೆಸ್ಟ್. ಎರಡೂ ಸೂರ್ಯೋದಯಕ್ಕೆ ಮುಂಚೆ ಪೂರ್ವದಲ್ಲಿ ಕಂಡಂಥವು. ನಾಸಾದ ಜೆಪಿಎಲ್ ಪ್ರಯೋಗಾಲಯದ ದಾಖಲೆಯಿಂದ ಎರಡರ ಅಂಕಿಗಳನ್ನೂ ಸೇರಿಸಿ, ದುರ್ಗದ ಆಕಾಶವನ್ನು ಹಿಂದಕ್ಕೆ ಓಡಿಸಿದೆ. ವೆಸ್ಟ್ ಚೆನ್ನಾಗಿ ಕಂಡದ್ದು ಮಾರ್ಚ್‌ನಲ್ಲಿ. ಆಗ ನಮ್ಮ ಕಡೆ ಮಳೆ ನೀರಿನ ಶೇಂಗಾ ಮುಗಿದು ಎಷ್ಟೋ ಕಾಲವಾಗಿರುತ್ತದೆ. ಇಕೆಯಾ-ಸೆಕಿ ಸೂರ್ಯನಿಗೆ ಅತಿ ಹತ್ತಿರ ಹೋದದ್ದು ಅಕ್ಟೋಬರ್ 21. ಆ ತಿಂಗಳ ಕೊನೆಯಲ್ಲಿ, ನವೆಂಬರ್ ಮೊದಲಲ್ಲಿ ಅದು ಆಗ್ನೇಯದ ಕಡೆಯಿಂದ, ಬಾಲವನ್ನು ಮೇಲಕ್ಕೆ ಮಾಡಿಕೊಂಡು ಏಳುತ್ತಿತ್ತು. ತೆರೆ ತೋರಿಸಿದಾಗ ಅಜ್ಜ ಬೆರಳಿಟ್ಟು, "ಇದೇ, ಇದೇ ದಿಕ್ಕು" ಎಂದರು. ಮೊಮ್ಮಕ್ಕಳು ಸುತ್ತ ನಿಂತು ಆ ದಿನಗಳನ್ನು ಮತ್ತೆ ಮತ್ತೆ ಓಡಿಸಿದರು.

ಕೊರತೆಗಳೂ ಇವೆ. ತೆರೆಯ ಮೇಲೆ ಬರೆಯುವ ಬಾಲ ಒಂದು ಮಾದರಿ ಚಿತ್ರ, ನಿಜವಾದ ಬಾಲದ ಉದ್ದ, ಡೊಂಕು ಹಾಗೇ ಇರಬೇಕೆಂದಿಲ್ಲ. ಕೋಟೆ ಬೆಟ್ಟದ ಬುಡದಲ್ಲಿ ಮನೆ ಇರುವವರಿಗೆ ದಿಗಂತವೂ ತೊಂದರೆ. ಬೆಟ್ಟಗಳು ಎಷ್ಟು ಮರೆ ಮಾಡುತ್ತವೆ ಅಂತ ಸಾಫ್ಟ್‌ವೇರ್‌ಗೆ ತಾನಾಗಿ ಗೊತ್ತಿರುವುದಿಲ್ಲ. ನಿಮ್ಮ ತಾರಸಿಯಿಂದ ಕಾಣುವ ದಿಗಂತವನ್ನು ನೀವೇ ಮಾಡಿ ಸೇರಿಸಬಹುದು. ಸ್ವಲ್ಪ ತಾಳ್ಮೆ ಬೇಕು, ಆದರೆ ಐದಾರು ಡಿಗ್ರಿ ಎತ್ತರದಲ್ಲಿ ಬರುವ ಧೂಮಕೇತುಗಳಿಗೆ ಅದು ಬೇಕೇ ಬೇಕು.

ಮನೆಯಲ್ಲಿ ಹೈಸ್ಕೂಲು ಮಕ್ಕಳಿದ್ದರೆ ಇದನ್ನು ಖಂಡಿತ ಹಾಕಿಕೊಡಿ. ಸಮಯವನ್ನು 2061ರ ಜುಲೈಗೆ ಓಡಿಸಿ ಹ್ಯಾಲಿ ತೋರಿಸಿ. ಅವರಲ್ಲಿ ಬಹಳಷ್ಟು ಜನ ಅದನ್ನು ನೋಡುತ್ತಾರೆ, ಅಲ್ವಾ? ಟೆಲಿಸ್ಕೋಪಿಗೆ ದುಡ್ಡು ಕೂಡಿಸುತ್ತಿರುವವರು ಮೊದಲು ಒಂದು ಬೈನಾಕ್ಯುಲರ್ ತಗೊಂಡು, ಇದರ ಜೊತೆ ಒಂದು ಧೂಮಕೇತುವನ್ನು ಬರುವಾಗಿಂದ ಹೋಗುವವರೆಗೆ ಹಿಂಬಾಲಿಸಿ ನೋಡಿ. ಯಾವ ಟೆಲಿಸ್ಕೋಪ್ ಬೇಕು ಅನ್ನೋದು ಆಮೇಲೆ ನಿಮಗೇ ಗೊತ್ತಾಗುತ್ತದೆ.