ಒಂದೇ ದಿನದಲ್ಲಿ ಕುಮಾರ ಪರ್ವತ: ಕುಕ್ಕೆ ಕಡೆಯಿಂದಲೋ, ಬೀದಳ್ಳಿ ಕಡೆಯಿಂದಲೋ?

ದಾವಣಗೆರೆಯವರಿಗೆ ಏರು ಹತ್ತಿ ಅಭ್ಯಾಸ ಕಡಿಮೆ. ಊರೊಳಗೆ ಹತ್ತಲು ಸಿಗುವುದು ಮೇಲ್ಸೇತುವೆ ಮಾತ್ರ. ಆದರೂ ಮಳೆಗಾಲ ಮುಗಿದು ಚಾರಣದ ದಾರಿ ತೆರೆದರೆ ಸಾಕು, ಗೆಳೆಯರ ನಡುವೆ ಕುಮಾರ ಪರ್ವತದ ಮಾತು ಶುರುವಾಗುತ್ತದೆ. ಕುಕ್ಕೆ ಸುಬ್ರಹ್ಮಣ್ಯದಿಂದ ಹತ್ತುವುದಾ, ಸೋಮವಾರಪೇಟೆ ಕಡೆಯ ಬೀದಳ್ಳಿಯಿಂದಲಾ ಅನ್ನುವುದೇ ದೊಡ್ಡ ಜಗಳ. ನಾನು ಎರಡೂ ಕಡೆಯಿಂದ ಹತ್ತಿದ್ದೇನೆ. ಬೆಳಿಗ್ಗೆ ಹೊರಟು ಸಂಜೆಯೊಳಗೆ ಕೆಳಗೆ ಬರಬೇಕು ಅಂದರೆ ನನ್ನ ಓಟು ಬೀದಳ್ಳಿಗೆ.

ಲೆಕ್ಕ ಸುಲಭ. ಶಿಖರದ ಎತ್ತರ 1,712 ಮೀಟರ್. ಕುಕ್ಕೆ ಇರುವುದು ಘಟ್ಟದ ಬುಡದಲ್ಲಿ, ಸಮುದ್ರ ಮಟ್ಟದಿಂದ ಹೆಚ್ಚುಕಡಿಮೆ 120 ಮೀಟರ್ ಮೇಲೆ. ಅಂದರೆ ಒಂದೂವರೆ ಸಾವಿರ ಮೀಟರಿಗೂ ಜಾಸ್ತಿ ಏರು. ಬೀದಳ್ಳಿ ಘಟ್ಟದ ಮೇಲಿನ ಊರು. ಆ ಏರಿನ ಒಂದು ದೊಡ್ಡ ಪಾಲನ್ನು ನಿಮ್ಮ ಗಾಡಿಯೇ ಹತ್ತಿಬಿಟ್ಟಿರುತ್ತದೆ. ನಡೆಯುವ ದೂರವೂ ಕಡಿಮೆ.

ಕುಕ್ಕೆ ದಾರಿಯಲ್ಲಿ ಮೊದಲು ದಟ್ಟ ಕಾಡು. ನೆರಳೇನೋ ಇದೆ, ಆದರೆ ನಮ್ಮೂರಿನ ಒಣ ಬಿಸಿಲಿಗೆ ಒಗ್ಗಿದವರಿಗೆ ಆ ಸೆಕೆ ತಡೆಯುವುದು ಕಷ್ಟ. ಭೀಮನ ಕಲ್ಲು ತಲುಪುವಷ್ಟರಲ್ಲೇ ಅಂಗಿ ಹಿಂಡಬಹುದು. ಆಮೇಲೆ ಗಿರಿಗದ್ದೆ. ಅಲ್ಲಿನ ಭಟ್ಟರ ಮನೆ ಊಟದ ಬಗ್ಗೆ ಕೇಳಿಯೇ ಇರುತ್ತೀರಿ. ಬಿಸಿ ಅನ್ನ, ಸಾಂಬಾರು, ಮಜ್ಜಿಗೆ. ಹೊಟ್ಟೆ ತುಂಬ ಉಂಡರೆ ಮುಂದಕ್ಕೆ ಕಾಲು ಏಳುವುದಿಲ್ಲ. ಅದನ್ನು ಇಳಿಯುವಾಗಿಗೆ ಇಟ್ಟುಕೊಳ್ಳಿ. ಯಾಕೆಂದರೆ ನಿಜವಾದ ಪರೀಕ್ಷೆ ಗಿರಿಗದ್ದೆಯ ಮೇಲೆ. ಬರೀ ಹುಲ್ಲುಗಾವಲು, ಮರವೇ ಇಲ್ಲ, ಬಿಸಿಲು ನೇರ ನೆತ್ತಿಗೆ. ಕಲ್ಲು ಮಂಟಪದಲ್ಲಿ ಒಂಚೂರು ನೆರಳು ಸಿಗುತ್ತದೆ. ಅಲ್ಲಿಂದ ಶೇಷ ಪರ್ವತ ಹತ್ತಿ "ಬಂದುಬಿಟ್ವಿ" ಅಂದುಕೊಂಡರೆ, ಎದುರಿಗೆ ಇನ್ನೊಂದು ಬೆಟ್ಟ! ಕಾಡಿಗೆ ಇಳಿದು ಮತ್ತೆ ಬಂಡೆ ಹತ್ತಬೇಕು. ಅರ್ಧ ಜನ ಅಲ್ಲೇ ಕೂತುಬಿಡುತ್ತಾರೆ.

ನೋಟದ ಮಾತು ಬಂದರೆ ಮಾತ್ರ ಕುಕ್ಕೆ ದಾರಿಗೆ ಸಾಟಿಯಿಲ್ಲ. ಹುಲ್ಲಿನ ಏಣುಗಳ ಮೇಲೆ ಮೋಡ ಏರಿ ಬರುವುದನ್ನು ಬೀದಳ್ಳಿ ದಾರಿಯಲ್ಲಿ ನೋಡಲಾಗುವುದಿಲ್ಲ. ಅಲ್ಲಿ ಬಹುಪಾಲು ಕಾಡೊಳಗಿನ ನಡಿಗೆ, ತುದಿ ಹತ್ತಿರ ಕಡಿದಾದ ಬಂಡೆ. ಬಂಡೆ ಒದ್ದೆಯಿದ್ದರೆ ಕೈಯೂರಿಯೇ ಹತ್ತಬೇಕು. ಅಡಿ ಸವೆದ ಶೂ ಬೇಡವೇ ಬೇಡ. ಮಳೆ ನಿಂತ ಹೊಸದರಲ್ಲಿ ಎರಡೂ ಕಡೆ ಜಿಗಣೆ ಇವೆ, ಕಾಡು ಜಾಸ್ತಿಯಿರುವ ಬೀದಳ್ಳಿಯಲ್ಲಿ ಇನ್ನೂ ಜಾಸ್ತಿ. ಉಪ್ಪಿನ ಪೊಟ್ಟಣ ಕಿಸೆಯಲ್ಲಿರಲಿ.

ಹೋಗಿ ಸೇರುವ ವಿಷಯದಲ್ಲಿ ಕುಕ್ಕೆಯೇ ಸಲೀಸು. ವಿಜಯಪುರ–ಮಂಗಳೂರು ರೈಲು ದಾವಣಗೆರೆ ಮೇಲೆಯೇ ಹೋಗುತ್ತದೆ. ನೆಟ್ಟಣದ ಸುಬ್ರಹ್ಮಣ್ಯ ರೋಡ್ ನಿಲ್ದಾಣದಲ್ಲಿ ಇಳಿದರೆ ದೇವಸ್ಥಾನಕ್ಕೆ ಬಸ್ಸು, ಜೀಪು ಇವೆ. ಆದರೆ ರೈಲಿಳಿದ ದಿನವೇ ಹತ್ತಬೇಡಿ. ಒಂದು ರಾತ್ರಿ ಉಳಿದು, ಮರುದಿನ ಬೆಳಕು ಹರಿಯುತ್ತಲೇ ಹೊರಡಿ. ಬೀದಳ್ಳಿಗೆ ಸ್ವಂತ ಗಾಡಿ ಇದ್ದರೆ ಚೆನ್ನ. ಇಲ್ಲದಿದ್ದರೆ ಹಾಸನ, ಸೋಮವಾರಪೇಟೆ ಅಂತ ಬಸ್ಸು ಬದಲಿಸುತ್ತಾ ಹೋಗಬೇಕು, ಸುಸ್ತು ಅಲ್ಲೇ ಶುರು.

ಬೀದಳ್ಳಿಯಲ್ಲಿ ಹತ್ತಿ ಕುಕ್ಕೆಗೆ ಇಳಿಯೋಣ ಅನ್ನುವವರೂ ಇದ್ದಾರೆ. ಕೇಳೋಕೆ ಚೆನ್ನಾಗಿದೆ. ಮಂಡಿ ಏನಾಗುತ್ತದೆ ಅಂತ ಗಿರಿಗದ್ದೆ ಇಳಿಯುವಾಗ ಗೊತ್ತಾಗುತ್ತದೆ. ಗಾಡಿ ಬೇರೆ ಬೀದಳ್ಳಿಯಲ್ಲೇ ನಿಂತಿರುತ್ತದೆ!

ಎರಡು ದಾರಿಗೂ ಅರಣ್ಯ ಇಲಾಖೆಯ ಅನುಮತಿ ಬೇಕು. ಅರಣ್ಯ ವಿಹಾರ ಜಾಲತಾಣದಲ್ಲಿ ಮೊದಲೇ ಬುಕ್ ಮಾಡಿ, ವಾರಾಂತ್ಯದ ಜಾಗ ಬೇಗ ತುಂಬುತ್ತದೆ. ತಡವಾಗಿ ಹೋದರೆ ಚೆಕ್‌ಪೋಸ್ಟಿನಲ್ಲಿ ಮೇಲೆ ಬಿಡುವುದಿಲ್ಲ. ತಲೆಗೆ ಮೂರು ಲೀಟರ್ ನೀರು ಇರಲಿ.

ಅಭ್ಯಾಸಕ್ಕೆ ಹಿಂದಿನ ಕೆಲವು ಭಾನುವಾರ ಚಿತ್ರದುರ್ಗದ ಕೋಟೆಗೆ ಹೋಗಿ. ಬೆನ್ನಿಗೆ ಚೀಲ ಹಾಕಿಕೊಂಡು ತುಪ್ಪದ ಕೊಳದ ಬತೇರಿವರೆಗೆ ಹತ್ತಿ ಇಳಿಯಿರಿ. ಬಂಡೆಯಲ್ಲಿ ಕೊರೆದ ಕಾಲ್ಗುಳಿಗಳಲ್ಲಿ ಹೆಜ್ಜೆ ಊರಿ ರೂಢಿಯಾದರೆ ಬೀದಳ್ಳಿ ಬಂಡೆಗೆ ಅರ್ಧ ಭಯ ಹೋಗುತ್ತದೆ.

ಮನೆಯವರೆಲ್ಲ ಜೊತೆಗಿದ್ದರೆ ಮಾತ್ರ ಕುಕ್ಕೆಗೇ ಹೋಗಿ. ಅಪ್ಪ-ಅಮ್ಮ ದರ್ಶನ ಮುಗಿಸುವಷ್ಟರಲ್ಲಿ ನೀವು ಗಿರಿಗದ್ದೆವರೆಗೆ ಹತ್ತಿ, ಭಟ್ಟರ ಮನೆಯಲ್ಲಿ ಉಂಡು, ಇಳಿದು ಬರಬಹುದು. ಶಿಖರದ ಆಸೆ ಅವತ್ತಿಗೆ ಬಿಡಿ.